ಬೊಗಸೆಯಷ್ಟು ತೂಕ

ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂಬುದು ನನಗೆ ತಿಳಿಯುತ್ತಿದ್ದುದು ಗೋಡೆಯಾಚೆಯ ಫಕೀರವ್ವನಿಂದ. ನನ್ನ ಗಂಡ ಅಡಿವೆಪ್ಪನವರು ಎದುರಿಗೇ ಕೂತು ಉಣ್ಣುತ್ತಿರುತ್ತಿದ್ದರು. ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟು, ನನ್ನ ಮುಖ ನೋಡಿ ತುಟಿ ಅಲುಗಿಸುತ್ತಿದ್ದರು. ನನಗೆ ಏನೂ ಕೇಳುತ್ತಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಂದು ಇಟ್ಟಿಗೆ ತೆಗೆಸಿ ಮಾಡಿಸಿದ ಕಿಂಡಿಯಿಂದ ಫಕೀರವ್ವನ ದನಿ ಬರುತ್ತಿತ್ತು.

"ಕಾಶವ್ವಾ, ಸಾರು ಸಪ್ಪಗ ಆಗೇತಂತ ನೋಡಬೇ."

"ಬಿಸಲಾಗ ತಿರಗಿ ಬಂದ ನಾಲಿಗಿ ಸಪ್ಪಗ ಆಗಿರತೈತಿ, ಸಾರಲ್ಲ ಅಂತ ಹೇಳು."

"ನಾ ಯಾಕ ಹೇಳಲಿ? ನಿನ್ನ ಮಾತು ಅವಂಗ ಕೇಳತೈತಲ್ಲ. ನಂದು ಒಂದ ಕಡೆಯ ಹೇರು."

ಅಡಿವೆಪ್ಪನವರು ನಗುತ್ತಿದ್ದರು. ನಗು ಕೇಳುತ್ತಿತ್ತು. ಕೆಮ್ಮು, ಸೀನು, ಗೊರಕೆ ಎಲ್ಲ ಕೇಳುತ್ತಿತ್ತು. ಮಾತು ಮಾತ್ರ ಇಲ್ಲ.

ನಮ್ಮೂರಲ್ಲಿ ಅಧ್ಯಕ್ಷರಾದವರ ಮಾತು ಊರಿಗೆಲ್ಲ ಕೇಳುತ್ತದೆ, ಅವರ ಮನೆಯವರಿಗೆ ಕೇಳುವುದಿಲ್ಲ. ಹೆಣ್ಣಿರಲಿ ಗಂಡಿರಲಿ, ಅಧ್ಯಕ್ಷಗಿರಿಯ ರುಮಾಲು, ಪಟಗ, ತಲೆಗೇರಿದ ಗಳಿಗೆಯಿಂದ ಅದು ಇನ್ನೊಬ್ಬರ ತಲೆಗೆ ಹೋಗುವ ಗಳಿಗೆಯವರೆಗೆ ಹಾಗೆ. ತುಟಿ ನೋಡಿ ತಿಳಿದುಕೊಳ್ಳುತ್ತೇನೆಂದು ಹಟ ಹಿಡಿದವರು ಇದ್ದಾರೆ. ಮನೆಯವರ ಕಣ್ಣಿಗೆ ಆ ತುಟಿ ಎಲೆ ಅಡಿಕೆ ಅಗಿಯುವ ತುಟಿಯ ಹಾಗೆ ಕಾಣುತ್ತದೆ, ಅಷ್ಟೆ. ಬರೆದು ತೋರಿಸಿದರೆ ಅಕ್ಷರಗಳು ಇರುವೆ ಸಾಲಿನ ಹಾಗೆ ಸರಿದು ಹೋಗುತ್ತವೆ. ಅದಕ್ಕೇ ಗೋಡೆಗೆ ಗೋಡೆ ಹಚ್ಚಿದ ನೆರೆಮನೆಯವರು ಅಧ್ಯಕ್ಷರ ಮಾತನ್ನು ಅವರ ಮನೆಯವರಿಗೆ ದಾಟಿಸಬೇಕು. ಅದು ಅವರ ಪಾಳಿ; ಬೇರೆಯವರು ನಡುವೆ ಬಾಯಿ ಹಾಕುವಂತಿಲ್ಲ. "ಗ್ವಾಡಿ ನೋಡಿ ಪಟಗಾ ಸುತ್ತು" ಎಂದು ನಮ್ಮಲ್ಲಿ ಹಿರಿಯರು ಹೇಳುವುದು ಈ ಕಾರಣಕ್ಕೆ. ನಮ್ಮ ಗೋಡೆ ಒಳ್ಳೆಯದೇ ಇತ್ತು. ಫಕೀರವ್ವ ನನಗಿಂತ ಹಿರಿಯಳು, ಗಂಡನನ್ನು ಕಳೆದುಕೊಂಡವಳು, ಕರೆದರೆ ಹಿಟ್ಟಿನ ಕೈಯಲ್ಲೇ ಓಡಿ ಬರುವವಳು.

ನಮಗೆ ಮಕ್ಕಳಿಲ್ಲ. ಮಾತೇ ನಮಗೆ ಸಂಸಾರವಾಗಿತ್ತು. ಅಧ್ಯಕ್ಷರಾಗುವ ಮೊದಲು ಇವರು ಹೊಲದಿಂದ ಬರುವಾಗ ಹಳ್ಳದ ಆಚೆಯಿಂದಲೇ "ಕಾಶೀ" ಎಂದು ಕೂಗುತ್ತಿದ್ದರು. ನೀರು ಕಾಯಿಸಿಡು ಎಂದು ಅದರ ಅರ್ಥ. ನೀರು ಕಾದೇ ಇರುತ್ತಿತ್ತು. ಆದರೂ ಆ ಕೂಗು ಬರುವವರೆಗೆ ನಾನು ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ರಾಶಿಯ ಕಾಲದಲ್ಲಿ ಇಬ್ಬರೂ ಕೂತು ತೆನೆ ಬಡಿಯುತ್ತ ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಮೊದಲ ಸರತಿ ಅವರು ಗೆದ್ದಾಗ, ದಿನಗಳೇನು ಓಡುತ್ತವೆ, ಆಮೇಲೆ ಬಾಕಿಯನ್ನೆಲ್ಲ ಕೇಳಿಕೊಂಡರಾಯಿತು ಎಂದುಕೊಂಡೆ. ಎರಡನೆಯ ಸರತಿಯೂ ಗೆದ್ದರು. ಪಟಗ ಇಳಿಯಲೇ ಇಲ್ಲ. ನಡುವೆ ಒಂದು ದಿನ ಒಲೆಯ ಮುಂದೆ ಕೂತು ಆ ಕೂಗನ್ನು ನೆನಪು ಮಾಡಿಕೊಳ್ಳಲು ಹೋದೆ. "ಕಾಶೀ" ಎಂದದ್ದು ಮನಸ್ಸಿನಲ್ಲಿ ಕೇಳಿತು. ಫಕೀರವ್ವನ ದನಿಯಲ್ಲಿ ಕೇಳಿತು. ರೊಟ್ಟಿ ಹಂಚಿನ ಮೇಲೆ ಕರಿದಾಗುವವರೆಗೆ ಹಾಗೇ ಕೂತಿದ್ದೆ. ಗಂಡ ಬದುಕಿ ಎದುರಿಗಿರುವಾಗ ಗಂಡನ ದನಿಯನ್ನು ಕಳೆದುಕೊಂಡೆ ಎಂದು ಯಾರ ಮುಂದೆ ಅಳುವುದು?

ಎರಡನೆಯ ಸರತಿ ಮುಗಿಯುತ್ತ ಬಂದಂತೆ ನಾನು ಒಳಗೊಳಗೇ ದಿನ ಎಣಿಸತೊಡಗಿದೆ. ಹಬ್ಬಕ್ಕೆ ಸುಣ್ಣ ಹಚ್ಚುವವಳ ಹಾಗೆ ಮನೆ ಸಾರಿಸಿದೆ. ಆಗ ಒಂದು ಸಂಜೆ ಇವರು ಉಂಡು ಕೈ ತೊಳೆದು ನನ್ನ ಎದುರು ಕೂತರು. ಬಹಳ ಹೊತ್ತು ತುಟಿ ಅಲುಗಿಸಿದರು. ನಡುವೆ ನಿಲ್ಲಿಸಿ ನೆಲ ನೋಡಿದರು, ಮತ್ತೆ ಶುರು ಮಾಡಿದರು. ಕಿಂಡಿಯಿಂದ ಬಂದದ್ದು ಇಷ್ಟು:

"ಕೆರಿ ಕೆಲಸ ಅರ್ಧಕ್ಕ ನಿಂತೈತಂತ. ಇನ್ನೊಂದು ಸರತಿ ನಿಂದರತಾರಂತ."

"ಮತ್ತ?"

"ಅಷ್ಟ ನೋಡು."

ನಾನು ತಾಟು ಎತ್ತಿಕೊಂಡು ಎದ್ದೆ. ಕೆರೆಗೆ ತೂಬು ಕೂಡಿಸುವುದು ಹೆಂಡತಿಯ ಜೊತೆ ಮಾತಾಡುವುದಕ್ಕಿಂತ ದೊಡ್ಡದಾದ ಮೇಲೆ ನನ್ನದೇನಿದೆ ಎನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ. ನನ್ನ ಮಾತು ಅವರಿಗೆ ಕೇಳುತ್ತದೆ, ನಿಜ. ಆದರೆ ಉತ್ತರ ಗೋಡೆ ಸುತ್ತಿ ಬರುವ ಮನೆಯಲ್ಲಿ ಜಗಳ ಆಡುವುದು ಹೇಗೆ?

ಈ ಸಲ ಇವರಿಗೆ ಎದುರಾಗಿ ನಿಂತವಳು ಹಿಟ್ಟಿನ ಗಿರಣಿಯ ತುಳಜವ್ವ. ಮದುವೆ ಒಲ್ಲೆ ಎಂದು ಗಿರಣಿ ಹಿಡಿದವಳು. ಅವಳ ಮನೆಯಲ್ಲಿ ಅವಳು ಮತ್ತು ಅವಳ ಅಪ್ಪ ನಿಂಗಜ್ಜ, ಇಬ್ಬರೇ. ನಿಂಗಜ್ಜನಿಗೆ ಕಣ್ಣು ಹೋಗಿ ಬಹಳ ವರ್ಷವಾಗಿತ್ತು.

ಹೆಸರು ಗೊತ್ತಾದ ಮರುದಿನವೇ ಹಿರಿಯ ಮುದಕಪ್ಪಜ್ಜ ನಮ್ಮ ಕಟ್ಟೆಗೆ ಬಂದು ಕೂತ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಿಡಿಸಿದ ಹತ್ತಿ.

"ಕಾಶವ್ವಾ, ತೂಕ ನಿಂದು. ಗೊತ್ತೈತಿಲ್ಲ?"

ಗೊತ್ತಿತ್ತು. ಎದುರಾಳಿಗಳು ಚಾವಡಿಯಲ್ಲಿ ನಿಂತು ಮಾಡುವ ವಾದಕ್ಕೆ ಮೊದಲು ಇಬ್ಬರ ಗುಣ ಅವಗುಣಗಳನ್ನೂ ತೂಗಿ ಊರಿಗೆ ಹೇಳುವುದು ಅಧ್ಯಕ್ಷರ ಮನೆಯವರ ಕೆಲಸ. ಊರಿನವರು ಅಧ್ಯಕ್ಷರ ಮಾತಿಗೆ ಮರುಳಾಗಿರುತ್ತಾರೆ. ಮಾತು ಕೇಳದೆ ಬರೀ ಮಾಡಿದ್ದನ್ನು ನೋಡಿದವರು ಮನೆಯವರು ಮಾತ್ರ. ಎದುರು ನಿಂತವರ ಮಾತು ನಮಗೂ ಕೇಳುತ್ತದಲ್ಲ, ಅದಕ್ಕೇ ಈ ಹತ್ತಿ. ಅವರನ್ನು ನೋಡಲು ಹೋದಾಗ ಕಿವಿಗೆ ತುರುಕಿಕೊಂಡು ಹೋಗಬೇಕು.

"ಕಳೆದ ಸರತಿ ಜ್ವರಾ ಅಂತ ತಪ್ಪಿಸಿಕೊಂಡಿ," ಎಂದ ಮುದಕಪ್ಪಜ್ಜ. "ಈ ಸಲ ಜ್ವರಾ ಬಂದ್ರ ಕಂಬಳಿ ಸುತ್ತಿ ಹೊತ್ತುಗೊಂಡ ಹೋಗತೀವಿ."

"ಗಂಡನ್ನ ತೂಗಾಕ ಹೆಂಡ್ತೀನ ಕೂಡ್ರಸತೀರಲ್ರೀ ಅಜ್ಜಾರ, ನಾ ತಕ್ಕಡಿ ವಾಲಿಸಿದ್ರ?"

"ಯಾವ ಕಡೆ ವಾಲಸತೀ? ಗಂಡ ಗೆಲ್ಲಲಿ ಅಂತ ಒಂದ ಮನಸು. ಸೋತು ಮನೀಗೆ ಬರಲಿ ಅಂತ ಒಂದ ಮನಸು. ಎರಡೂ ಕಡೆ ಜಗ್ಗೂ ಮಂದಿಯ ಕೈ ನಡುವ ನಿಂದರತೈತಿ. ಹಿರ್ಯಾರು ಹುಚ್ಚರಲ್ಲವಾ."

ಹಿರಿಯರು ಹುಚ್ಚರಲ್ಲದಿರಬಹುದು. ನನಗೆ ಆಗ ಇದ್ದದ್ದು ಒಂದೇ ಮನಸ್ಸು.

ಗಿರಣಿಗೆ ನಾನು ಜೋಳದ ಡಬ್ಬಿ ಹೊತ್ತು ಹೋದೆ. ಬರಿಗೈಯಲ್ಲಿ ಹೋಗಿ ಕೂತು ನೋಡುವುದು ಚೆನ್ನಾಗಿರುವುದಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡರೂ ಗಿರಣಿಯ ಸದ್ದು ಎದೆಯಲ್ಲಿ ಗುಡುಗುಡು ಎನ್ನುತ್ತಿತ್ತು. ತುಳಜವ್ವ ಸೆರಗು ಸೊಂಟಕ್ಕೆ ಸುತ್ತಿ, ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಒಬ್ಬ ಮುದುಕಿ ಪುಟ್ಟ ಗಂಟಿನಲ್ಲಿ ಜೋಳ ತಂದಳು. ತುಳಜವ್ವ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಚುಕಿ ನೋಡಿದಳು. ಹಸಿ ಇತ್ತೆಂದು ತೋರುತ್ತದೆ. ತನ್ನದೇ ಗೋಣಿಚೀಲವನ್ನು ಬಿಸಿಲಿಗೆ ಹಾಸಿ ಅದರ ಮೇಲೆ ಹರವಿ, ಮುದುಕಿಯನ್ನು ನೆರಳಿಗೆ ಕೂರಿಸಿದಳು. ಅವಳ ಪಾಳಿ ತಪ್ಪದಂತೆ ಬರಿದಾದ ಗಂಟಿನ ಬಟ್ಟೆಯನ್ನು ಸಾಲಿನಲ್ಲಿಟ್ಟಳು. ಇದು ಗುಣ. ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರು ನಾ ಮುಂದೆ ನೀ ಮುಂದೆ ಎಂದು ಕೈ ಕೈ ಮಿಲಾಯಿಸಿದರು. ತುಳಜವ್ವ ಯಾರನ್ನೂ ಕೇಳಲಿಲ್ಲ. ಇಬ್ಬರ ಬುಟ್ಟಿಯನ್ನೂ ಎತ್ತಿ ಸಾಲಿನ ಕೊನೆಗೆ ಒಯ್ದು ಕುಕ್ಕಿದಳು. ಒಬ್ಬಳ ಬುಟ್ಟಿಯ ಅಂಚು ಮುರಿಯಿತು. ಇದನ್ನು ಗುಣ ಎನ್ನಲೋ ಅವಗುಣ ಎನ್ನಲೋ ತಿಳಿಯದೆ ಎರಡೂ ಕಡೆಗೆ ಅರ್ಧರ್ಧ ಇಟ್ಟುಕೊಂಡೆ. ಗಿರಣಿಯ ಪಟ್ಟೆ ಬಿಚ್ಚಿಕೊಂಡಾಗ ಹತ್ತು ಜನ ನೆರವಿಗೆ ಎದ್ದರು. ಯಾರಿಗೂ ಮುಟ್ಟಗೊಡಲಿಲ್ಲ, ಎಲ್ಲರನ್ನೂ ಗದರಿ ಹಿಂದೆ ಸರಿಸಿ ಒಬ್ಬಳೇ ಒದ್ದಾಡಿದಳು. ತನ್ನ ಕೈಯೊಂದನ್ನೇ ನಂಬುವವಳು. ಊರು ಒಂದು ಕೈಯಿಂದ ನಡೆಯುವುದಿಲ್ಲ. ಇದು ಅವಗುಣ.

ಇಷ್ಟನ್ನು ನೋಡಲು ಕೂತವಳಿಗೆ ಕಂಡದ್ದು ಇನ್ನೊಂದೂ ಇತ್ತು. ನಿಂಗಜ್ಜ ಬಾಗಿಲ ಬಳಿ ಕೂತು ಬಂದ ಬುಟ್ಟಿಗಳನ್ನು ಸವರಿ, ಇಂಥವರದೆಂದು ಸಾಲಿಗೆ ಹಚ್ಚುತ್ತಿದ್ದ. ಕೆಲಸದ ನಡುವೆ ತುಳಜವ್ವ ಬಂದು ಬಗ್ಗಿ ಅವನ ಕಿವಿಯ ಹತ್ತಿರ ಏನೋ ಹೇಳಿದಳು. ಅವನು ತಲೆ ಹಿಂದಕ್ಕೆ ಚೆಲ್ಲಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಅವಳು ಹೋದಮೇಲೂ ಬಹಳ ಹೊತ್ತು ಆ ಮಾತನ್ನು ಬಾಯಲ್ಲಿಟ್ಟುಕೊಂಡವನ ಹಾಗೆ ನಗುತ್ತಿದ್ದ. ನನಗೆ ಅಸೂಯೆಯಾಯಿತು. ಹತ್ತಿ ಕಿತ್ತು ಒಗೆದು, ಏನು ಹೇಳಿದಳು ಎಂದು ಕೇಳಬೇಕೆನ್ನಿಸಿತು. ಆಮೇಲೆ ಹೊಳೆಯಿತು. ತುಳಜವ್ವ ಗೆದ್ದರೆ ನನಗೆ ನನ್ನ ಗಂಡ ಸಿಗುತ್ತಾನೆ. ಈ ಮುದುಕನಿಗೆ ಮಗಳು ಕಣ್ಣಿಗೂ ಇಲ್ಲ, ಕಿವಿಗೂ ಇಲ್ಲ. ಎದ್ದು ಬಂದುಬಿಟ್ಟೆ. ಡಬ್ಬಿಯನ್ನು ಅಲ್ಲೇ ಮರೆತೆ.

ತೂಕದ ದಿನ ಚಾವಡಿಯ ಮುಂದೆ ಎರಡು ಮೊರ ಇಟ್ಟಿದ್ದರು. ಎರಡರಲ್ಲೂ ಸಮ ಸಮ ಜೋಳ, ಪಕ್ಕದಲ್ಲಿ ಒಂದು ಜೋಳದ ಚೀಲ. ಗುಣಕ್ಕೆ ಒಂದು ಹಿಡಿ ಹಾಕುವುದು, ಅವಗುಣಕ್ಕೆ ಒಂದು ಹಿಡಿ ತೆಗೆಯುವುದು. ಹೆಚ್ಚು ಜೋಳ ಉಳಿದವರಿಗೆ ವಾದದಲ್ಲಿ ಕಡೆಯ ಮಾತು ಸಿಗುತ್ತದೆ, ಮತ್ತು ನಮ್ಮೂರಲ್ಲಿ ಕಡೆಯ ಮಾತು ಸಿಕ್ಕವರು ಸೋತದ್ದು ಕಡಿಮೆ. ತುಳಜವ್ವ ಕೈ ಕಟ್ಟಿ ನಿಂತಿದ್ದಳು, ಅಡಿವೆಪ್ಪನವರು ಕಟ್ಟೆಯ ಅಂಚಿಗೆ ಕೂತಿದ್ದರು. ನಾನು ಮೊದಲು ತುಳಜವ್ವನನ್ನು ತೂಗಿದೆ. ಬುಟ್ಟಿಯ ಮಾತು ಬಂದಾಗ, "ಹಾಕ್ಲೋ ತಗೀಲೋ ನೀವ ಹೇಳ್ರಿ," ಎಂದೆ. ಬುಟ್ಟಿ ಮುರಿಸಿಕೊಂಡವಳು, "ತಗಿ, ತಗಿ!" ಎಂದು ಕೂಗಿದಳು, ಜನ ನಕ್ಕರು.

ಆಮೇಲೆ ಗಂಡನ ಮೊರಕ್ಕೆ ಬಂದೆ.

"ಕೆರೀ ನೀರು ಬಿಟ್ಟಾಗ ಕಾಲುವಿ ಕಡೀ ಹೊಲಕ್ಕ ಮೊದಲ ಹರಿಸಿದ್ರು. ನಮ್ಮ ಹೊಲಕ್ಕ ಎಲ್ಲಾರಕಿಂತ ಹಿಂದ ಬಂತು. ನಮ್ಮ ಜ್ವಾಳಾ ಮೊಳಕಾಲುದ್ದ ಇದ್ದಾಗ ನಿಮ್ಮವು ತೆನಿ ಕಟ್ಟಿದ್ವು. ನೋಡೇನಿ." ಒಂದು ಹಿಡಿ ಹಾಕಿದೆ. "ಜಗಳಾ ಆಡಿದವರ ಮನೀಗೆ ಮರುದಿನಾ ತಾವ ಮೊದಲ ಹೋಗತಾರ." ಇನ್ನೊಂದು ಹಿಡಿ. "ಯಾರಿಗೂ ಇಲ್ಲ ಅನ್ನಾಕ ಬರಂಗಿಲ್ಲ. ಹತ್ತು ಕೆಲಸ ಹಿಡೀತಾರ, ಹತ್ತೂ ಅರ್ಧ." ತೆಗೆದೆ. "ಕೂಡಿದ ಮಂದಿ ನಡುವ ನಿದ್ದಿ ಮಾಡತಾರ. ಗೊರಕಿ ನನಗೂ ಕೇಳತೈತಿ." ನಕ್ಕರು. ತೆಗೆದೆ. ಅಷ್ಟಕ್ಕೆ ಮುಗಿಸಬಹುದಿತ್ತು. ಮೊರಗಳು ಹೆಚ್ಚು ಕಡಿಮೆ ಸಮವಾಗಿದ್ದವು, ಇವರದು ಒಂದು ಹಿಡಿ ಹೆಚ್ಚು. ಆದರೆ ನನ್ನ ಗಂಟಲಲ್ಲಿ ಒಂದು ಉಳಿದಿತ್ತು.

"ಇನ್ನೊಂದೈತಿ," ಎಂದೆ. "ಹೊರಗ ಎಲ್ಲಾರ ಮಾತಿಗೂ ಕಿವಿ ಕೊಡೋ ಮನುಷ್ಯಾ, ಮನ್ಯಾಗ ಉಪ್ಪು, ಎತ್ತು, ಅಂಗಿ ಗುಂಡಿ ಇಷ್ಟ ಬಿಟ್ರ ನನಗ ಬ್ಯಾರೆ ಏನೂ ಹೇಳಿ ಕಳಿಸಿಲ್ಲ. ಎರಡು ಸರತಿ ಮುಗೀತು. ಬ್ಯಾಸರಾ ಆಗೇತೇನು ಅಂತ ಒಂದ ಮಾತು ಕೇಳಿಲ್ಲ. ಮನಿಯಾಕಿಗೆ ಬರಡಾದಾಂವ ಊರಿಗೆ ಹಸರಾಗತಾನಂತ ನಾ ಹ್ಯಾಂಗ ತೂಗಲಿ?"

ಇದಕ್ಕೆ ಒಂದು ಹಿಡಿ ಸಾಲದೆನ್ನಿಸಿತು. ಎರಡೂ ಕೈ ಸೇರಿಸಿ ಬೊಗಸೆ ತುಂಬ ತೆಗೆದೆ.

ನಮ್ಮೂರ ಜನ ಸತ್ತವರ ಮನೆಯ ಮುಂದೂ ಇಷ್ಟು ಸುಮ್ಮನೆ ಇರುವುದಿಲ್ಲ. ಸೊಸೆ ಮಾತು ಬಂದಾಗ ಅತ್ತೆಯಂದಿರು ಮುಖ ಮುಖ ನೋಡಿಕೊಳ್ಳುವಂತೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡಿವೆಪ್ಪನವರು ನನ್ನನ್ನು ನೋಡಿದರು, ಆಮೇಲೆ ಜನರ ನಡುವೆ ಫಕೀರವ್ವನನ್ನು ಹುಡುಕಿದರು. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಎದ್ದು ಹೊರಟೇಹೋದಳು. ನಿಜ ಹೇಳಿದರೆ ಊರಿಗೆ ಹೀಗೇ ಕಹಿಯಾಗುತ್ತದೆ ಎಂದುಕೊಂಡು ನಾನು ಕೈ ಝಾಡಿಸಿ ಕೆಳಗಿಳಿದೆ.

ಮರುದಿನ ಬೆಳಿಗ್ಗೆ ಇವರು ಕೆರೆಯ ಕಡೆ ಹೋದ ಮೇಲೆ ಬಾಗಿಲಲ್ಲಿ ಕೋಲಿನ ಸದ್ದಾಯಿತು. ನಿಂಗಜ್ಜ. ಬಗಲಲ್ಲಿ ನನ್ನ ಹಿಟ್ಟಿನ ಡಬ್ಬಿ.

"ಹಿಟ್ಟು ಬಿಟ್ಟು ಬಂದಿದ್ಯಲ್ಲಬೇ. ತುಳಜಾ ಬೀಸಿಟ್ಟಾಳ."

"ನೀವ್ಯಾಕ ಹೊತ್ತು ತಂದ್ರಿ ಅಜ್ಜಾರ? ಹೇಳಿ ಕಳಿಸಿದ್ರ ನಾನ ಬರತಿದ್ದೆ."

"ಹೇಳಿ ಕಳಿಸಿದ ಮಾತು ಎಲ್ಲಾ ಮುಟ್ಟಂಗಿಲ್ಲ ಅಂತ ನಿನ್ನೆ ಗೊತ್ತಾತು ನೋಡು." ಕಟ್ಟೆಯನ್ನು ಸವರಿ ಕೂತ. ನಾನು ನೀರು ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು ಹೇಳಿದ: "ನಿನ್ನ ಗಂಡನ ಮುಖ ಹ್ಯಾಂಗೈತೋ ನನಗ ಗೊತ್ತಿಲ್ಲ. ದನಿ ಗೊತ್ತು. ಚಾವಡ್ಯಾಗ ಎದ್ದು ನಿಂತ್ರ ಅಂವ ಮೊದಲ ಏನಂತಾನ, ನಿನಗ ಗೊತ್ತೇನು?"

"ನನಗ ಹ್ಯಾಂಗ ಗೊತ್ತಾಗಬೇಕ್ರೀ?"

"'ಈ ಮಾತು ಕೇಳಬೇಕಾದಾಕಿ ಒಬ್ಬಾಕಿಗೆ ಕೇಳಸಂಗಿಲ್ಲ. ಆಕೀ ಪಾಲಿಂದೂ ನೀವ ಲಕ್ಷ್ಯ ಕೊಟ್ಟು ಕೇಳ್ರಿ.' ಇದು ಮೊದಲನೇ ಮಾತು. ಇದಾದ ಮ್ಯಾಲೆ ಕೆರಿ, ಹಳ್ಳಾ, ದನಾ."

"ಯಾವಾಗ ಅಂದ್ರು?"

"ಯಾವಾಗೂ. ಪ್ರತಿ ಸಲಾನೂ. ಹುಡುಗೂರು ಅಣಕಸ್ತಾವ ಸೈತ."

ನಾನು ಬಾಗಿಲ ಚೌಕಟ್ಟು ಹಿಡಿದು ಕೂತೆ. "ಮತ್ತ ನನಗ ಯಾರೂ ಹೇಳಲಿಲ್ಲಲ್ಲಾ ಅಜ್ಜಾ."

"ಫಕೀರವ್ವ ಹೇಳಿರತಾಳ ಅಂತ ಊರಾಗ ಎಲ್ಲಾರೂ ತಿಳಕೊಂಡ್ವಿ. ಗ್ವಾಡಿಯಾಕಿ ಪಾಳಿ ಅದು. ಗಂಡಾ ಹೆಂಡ್ತಿ ಮಾತಿನ್ಯಾಗ ನಾವ್ಯಾಕ ಬಾಯಿ ಹಾಕೂದು ಅಂತ." ಕೋಲನ್ನು ನೆಲಕ್ಕೆ ಒತ್ತಿದ. "ಇದರಾಗ ನನ್ನ ಸ್ವಾರ್ಥಾನೂ ಐತಿ, ಮುಚ್ಚಿಡಂಗಿಲ್ಲ. ತುಳಜಾ ಗೆದ್ರ ಆಕಿ ನನ್ನ ಮುಂದ ಬಂದು ನಿಂತ್ರೂ ನನಗ ಗಾಳಿ ನಿಂತಂಗ. ಅದನ್ನೂ ಸೇರಿಸಿ ತೂಗಿಕೋ. ಆದ್ರ ನಾ ಹೇಳಿದ್ದು ಖರೇ ಐತಿ."

"ನೀವ ಬಂದದ್ದು ತುಳಜವ್ವಗ ಗೊತ್ತೈತೇನು?"

"ಗೊತ್ತಾದ್ರ ಕೋಲು ಕಸಗೊಂಡು ಮನ್ಯಾಗ ಕೂಡ್ರಸತಾಳ," ಎಂದು ನಕ್ಕು ಎದ್ದ.

ಅವನು ಓಣಿ ದಾಟುವವರೆಗೆ ನೋಡಿ, ಅಡುಗೆಮನೆಗೆ ಬಂದು ಕಿಂಡಿಯ ಮುಂದೆ ನಿಂತೆ. ಆಚೆ ಅವಳಿದ್ದದ್ದು ಉಸಿರಿನಲ್ಲಿ ತಿಳಿಯುತ್ತಿತ್ತು.

"ಫಕೀರವ್ವಾ, ಏನೇನು ಬಿಟ್ಟಿ?"

ಬಳೆ ಗೋಡೆಗೆ ತಾಗಿದ ಸದ್ದು.

"ಉಪ್ಪು, ಎತ್ತು ಹೇಳಾಕ ಬರತಾವಬೇ. ಉಳದದ್ದು ಹ್ಯಾಂಗ ಹೇಳಲಿ? ಮಂದೀ ಗಂಡಾ ತನ್ನ ಹೆಂಡ್ತಿಗೆ ಅಂದ ಮಾತು. ನನ್ನ ಗಂಡ ಇರೋತನಾ ನನಗ 'ಏ' ಅಂತ ಕರದಾನು, ಹೆಸರ ಹಿಡಿದಿಲ್ಲ. ಅಂಥಾ ಮಾತು ನನ್ನ ಬಾಯಿತನಾ ಬಂದ್ರ ಅಳು ಮೊದಲ ಬರತಿತ್ತು. ಒಂದ ಸಲ ನುಂಗಿದೆ. ಆಮ್ಯಾಲೆ ರೂಢಿ ಆತು."

"ಎಲ್ಲಾ ನುಂಗಿದೇನು?"

"ಎಲ್ಲಾ. ಮೊನ್ನಿ ಸಂಜೀದೂ."

ಬೈಯಬೇಕೆಂದು ಬಾಯಿ ತೆರೆದೆ. ಮುಟ್ಟದ ಮಾತುಗಳಿಗಾಗಿ ನಾನು ಒಲೆಯ ಮುಂದೆ ಒಣಗಿದರೆ, ಮುಟ್ಟಿದ ಮಾತುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ಗೋಡೆಯಾಚೆ ಒಣಗಿದ್ದಳು. ಬೈಗುಳ ಹೊರಡಲಿಲ್ಲ. "ಈಗ ಹೇಳು," ಎಂದೆ. "ನೆನಪಿದ್ದದ್ದು ಹೇಳು. ಒಂದಾದ್ರೂ ಹೇಳು."

"ಒಲ್ಲೆ. ಈಗ ಹೇಳಿದ್ರ ಅವು ನನ್ನ ಮಾತಾಗತಾವು. ಅವನ ಬಾಯಿಲೆ ಕೇಳು, ಕಾಶೀ. ನಿನ್ನ ತೂಕ ಹಂಗ ಇರಲಿ. ಊರು ತುಳಜಾನ ಕಡೆ ಹೊರಳೈತಿ. ವಾದದ ದಿನಾನ ಪಟಗಾ ಇಳೀತೈತಿ, ಅವತ್ತ ಸಂಜೀಕ ಕೇಳತೀ. ಎಲ್ಲಾ ಕೇಳತೀ."

ವಾದಕ್ಕೆ ನಡುವೆ ಎರಡು ದಿನವಿತ್ತು. ಆ ಎರಡು ದಿನ ಇವರು ಕಿಂಡಿಯ ಕಡೆ ತಿರುಗಿ ಏನೂ ಹೇಳಲಿಲ್ಲ. ಉಪ್ಪು ಮರೆತು ಮಾಡಿದ ಸಾರನ್ನೂ ಸುಮ್ಮನೆ ಉಂಡರು. ಎತ್ತುಗಳ ಮೈ ತೊಳೆದರು, ಕಾಳು ತುಂಬಿಡುವ ನೆಲದ ಹಗೇವಿನ ಮುರಿದ ಮುಚ್ಚಳ ಸರಿಮಾಡಿದರು. ಸೋತ ಮೇಲೆ ಮನೆಯಲ್ಲಿರಬೇಕಾದ ಗಂಡಸು ಕೈ ರೂಢಿ ಮಾಡಿಕೊಳ್ಳುವ ಹಾಗಿತ್ತು ಅದು. ನಾನು ಅವರ ಬೆನ್ನು ನೋಡುತ್ತ ನನ್ನಷ್ಟಕ್ಕೆ ವಾದ ಮಾಡುತ್ತಿದ್ದೆ. ನಾನು ಸುಳ್ಳು ಹೇಳಿಲ್ಲ. ತಿಳಿದದ್ದನ್ನು ಹೇಳಿದ್ದೇನೆ. ಈಗ ಬೇರೆ ತಿಳಿಯಿತೆಂದು ಬಾಯಿ ಬಿಡಲೇಬೇಕೇ? ತುಳಜವ್ವನೇನು ಕೆಟ್ಟವಳೇ? ಕೆರೆ ಅವಳ ಕೈಯಲ್ಲೂ ಮುಗಿಯುತ್ತದೆ. ನನ್ನ ವಯಸ್ಸಿಗೆ ಇನ್ನೊಂದು ಸರತಿ ಎಂದರೆ ಕಡಿಮೆಯೇ? ಕೇಳದೇ ಇದ್ದ ಆ ಮಾತುಗಳು, ಹಗೇವಿನಲ್ಲಿಟ್ಟು ಮರೆತ ಕಾಳಿನ ಹಾಗೆ, ನನ್ನವು. ಬಾಯಿ ಮುಚ್ಚಿಕೊಂಡರೆ ಸಾಕು, ಬರುತ್ತವೆ. ಹೀಗೆ ಎಷ್ಟು ಸಲ ಅಂದುಕೊಂಡರೂ ಕೊನೆಗೆ ನನ್ನ ಎರಡು ಕೈಗಳು ನೆನಪಾಗುತ್ತಿದ್ದವು. ಅವರ ಮೊರದಿಂದ ಬೊಗಸೆ ಎತ್ತಿದ ಕೈ. ಅವರು ಆಡಿದ ಮಾತನ್ನು ಆಡಲಿಲ್ಲವೆಂದು ಅವರಿಗೆ ದಂಡ ಹಾಕಿ, ಆ ದಂಡದಿಂದಲೇ ಆ ಮಾತನ್ನು ಕೊಂಡು ಕೇಳುವುದು. ಹಾಗೆ ಕೇಳಿದ ಮಾತು ಕಿವಿಗೆ ಹೇಗೆ ಹತ್ತೀತು?

ವಾದದ ದಿನ ಊರು ಪೂರ ಚಾವಡಿಯ ಮುಂದಿತ್ತು. ಮೊರಗಳು ಇಟ್ಟಲ್ಲೇ ಇದ್ದವು. ಶುರುವಿಗೆ ಮುದಕಪ್ಪಜ್ಜ ಎದ್ದು, ಶಾಸ್ತ್ರಕ್ಕೆಂಬಂತೆ ಕೇಳಿದ: "ತೂಕದಾಗ ಏನಾರ ತಪ್ಪೈತೇನು?" ಉತ್ತರಕ್ಕೆ ಕಾಯದೆ ಕೂರಲು ಹೊರಟಿದ್ದ.

"ಐತ್ರಿ," ಎಂದೆ.

ಚಾವಡಿಯ ಮೆಟ್ಟಿಲು ಹತ್ತಿದೆ. ಜನರ ನಡುವೆ ಫಕೀರವ್ವ ತಲೆ ತಗ್ಗಿಸಿ ಕೂತಿದ್ದಳು. "ನನಗ ಮುಟ್ಟಿದ್ದನ್ನ ತೂಗಿದೆ," ಎಂದೆ. "ಅವರು ಆಡಿದ್ದನ್ನಲ್ಲ. ಅವರು ಆಡ್ಯಾರ. ನನಗ ಬಂದಿಲ್ಲ. ದಾರ್ಯಾಗ ಎಲ್ಲೋ ಉಳದಾವು, ಅದು ಯಾರ ತಪ್ಪೂ ಅಲ್ಲ."

ಮುದಕಪ್ಪಜ್ಜ ಹತ್ತಿರ ಬಂದು ದನಿ ತಗ್ಗಿಸಿದ. "ಕಾಶವ್ವಾ, ಇದನ್ನ ಹಾಕಿದ್ರ ತೂಕ ತಿರಗತೈತಿ. ಆಮ್ಯಾಲೆ ನಿನಗ ಏನ ಆಗತೈತಿ, ಗೊತ್ತೈತಿಲ್ಲ?"

"ಗೊತ್ತೈತ್ರಿ ಅಜ್ಜಾರ."

ಚೀಲಕ್ಕೆ ಕೈ ಹಾಕಿ ಬೊಗಸೆ ತುಂಬಿಕೊಂಡು ಅವರ ಮೊರಕ್ಕೆ ಸುರಿದೆ. ತಿರುಗಿ ನೋಡದೆ ಬಂದು ಫಕೀರವ್ವನ ಪಕ್ಕದಲ್ಲೇ ಕೂತೆ. ಅವಳು ನನ್ನ ಕೈ ಹಿಡಿದಳು.

ವಾದದಲ್ಲಿ ನನಗೆ ಕೇಳಿದ್ದು ಅರ್ಧ. ಮೊದಲು ಅಡಿವೆಪ್ಪನವರು ಎದ್ದು ನಿಂತು ತುಟಿ ಅಲುಗಿಸಿದರು, ಮತ್ತು ಊರಿಗೆ ಊರೇ ತಿರುಗಿ ನನ್ನ ಕಡೆ ನೋಡಿತು. ಯಾವ ಮಾತೆಂದು ಯಾರೂ ಹೇಳಬೇಕಾಗಿರಲಿಲ್ಲ. ಎಷ್ಟೋ ಸಭೆಗಳಲ್ಲಿ ಹೀಗೆ ಜನ ತಿರುಗಿ ನೋಡಿದಾಗ ಸೆರಗು ಸರಿದಿರಬೇಕೆಂದು ಹೆಗಲು ಮುಟ್ಟಿಕೊಂಡವಳು ನಾನು. ಈ ಸಲ ಸೆರಗು ಮುಟ್ಟಲಿಲ್ಲ. ನೆಟ್ಟಗೆ ಕೂತೆ.

ಆಮೇಲೆ ತುಳಜವ್ವನ ಕಂಚಿನ ದನಿ. "ಹೌದ್ರೀ, ಸಿಟ್ಟು ಐತಿ. ಕಲ್ಲು ಬಿಸಿ ಆಗಲಾರದ ಹಿಟ್ಟು ಬೀಳತೈತೇನು?" ಜನ ನಕ್ಕರು. ಇವರ ತುಟಿ ಅಲುಗಿತು, ಜನ ಇನ್ನೂ ಜೋರಾಗಿ ನಕ್ಕರು. "ಬುಟ್ಟೀ ಮಾತು ಬಿಡ್ರಿ, ಹೊಸಾದು ಕೊಡಸೇನಿ!" ಎಂದಳು ತುಳಜವ್ವ. ಹೀಗೆ ಅವಳ ಉತ್ತರಗಳ ಅಂಚಿನಿಂದ ಇವರ ಪ್ರಶ್ನೆಗಳನ್ನು ಊಹಿಸುತ್ತ ಕೂತೆ. ಒಂದು ಕಡೆ ಅವಳು ಬಿರುಸಾಗಿ ಶುರುಮಾಡಿ, ಇವರು ಏನೋ ಅಂದ ಮೇಲೆ ತಡವರಿಸಿ, "ಅದು ಖರೇ. ಕಡೀ ಹೊಲದವರು ನಿಮ್ಮನ್ನ ಮರೆಯಂಗಿಲ್ಲ," ಎಂದು ಒಪ್ಪಿಕೊಂಡಳು. ಕಡೆಯ ಮಾತು ಇವರದಾಯಿತು. ಚಿಕ್ಕದಾಗಿತ್ತು. ಮುಗಿದ ಮೇಲೆ ಜನ ಎದ್ದು, ತಮಗೆ ಬೇಕಾದವರ ಹಿಂದೆ ಹೋಗಿ ನಿಂತರು. ಇವರ ಹಿಂದಿನ ಸಾಲು ಬೇವಿನ ಮರ ದಾಟಿ ಬಾವಿಯವರೆಗೆ ಹೋಯಿತು.

ತುಳಜವ್ವ ನೇರ ನನ್ನ ಹತ್ತಿರ ಬಂದಳು. "ಕಾಶಕ್ಕಾ, ನಿನ್ನ ಬೊಗಸಿ ನನಗ ಭಾರ ಆತು. ಇರಲಿ. ಬರೂ ಸರತಿ ನಿನ್ನ ಗಂಡನ್ನ ಮನ್ಯಾಗ ಕೂಡ್ರಸತೀನಿ, ನೋಡಕೋತ ಇರು."

"ಕೂಡ್ರಸವ್ವಾ. ನಿನ್ನ ಬಾಯಾಗ ಸಕ್ಕರಿ ಹಾಕತೀನಿ."

ಅವಳು ನಿಂಗಜ್ಜನ ಕೈಯನ್ನು ತನ್ನ ಹೆಗಲಿಗೆ ಹಾಕಿಕೊಂಡು ಹೊರಟಳು. ನೀ ಯಾರ ಮನೆಗೆ ಡಬ್ಬಿ ಹೊತ್ತು ಹೋಗಿದ್ದೆ, ನನಗೆ ಗೊತ್ತಾಗುವುದಿಲ್ಲ ಅಂತ ತಿಳಿದಿಯೇನು ಎಂದು ಓಣಿಯುದ್ದಕ್ಕೂ ಅಪ್ಪನನ್ನು ಬೈಯುತ್ತ ಹೋದಳು. ಅವನು ಕಿವಿಯನ್ನು ಅವಳ ಕಡೆ ವಾಲಿಸಿ, ತಂಪು ಗಾಳಿಗೆ ಮುಖ ಕೊಟ್ಟವನ ಹಾಗೆ ನಡೆದ.

ಮನೆಗೆ ಬಂದಾಗ ಬಿಸಿಲು ಇಳಿದು ಕಟ್ಟೆಗೆ ನೆರಳು ಬಂದಿತ್ತು. ಹಾರೈಸಲು ಬಂದವರೆಲ್ಲ ಹೋದ ಮೇಲೆ ಇವರು ಪಟಗ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಕಂಬಕ್ಕೆ ಒರಗಿ ಕೂತೆ. ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಫಕೀರವ್ವ ತನ್ನ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಇವರು ನನ್ನ ಕಡೆ ತಿರುಗಿ ತುಟಿ ಅಲುಗಿಸಿದರು. ರೂಢಿಯಂತೆ ನಾನು ಅವಳ ಕಡೆ ನೋಡಿದೆ. ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮೊರವನ್ನು ಎತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು.

ಇವರು ನಿಲ್ಲಿಸಲಿಲ್ಲ. ನನಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ, ದಾಟಿಸುವವರಿಲ್ಲವೆಂದು ಗೊತ್ತಿದ್ದೂ ಹೇಳುತ್ತ ಹೋದರು. ಒಂದು ಕಡೆ ನಕ್ಕರು. ಆ ನಗು ಮಾತ್ರ ಕೇಳಿತು. ಒಂದು ಕಡೆ ತಡೆದು, ಪಟಗದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಶುರುಮಾಡಿದರು. ಕೆರೆಯ ಮಾತಾಗಿರಲಿಲ್ಲ ಅದು. ಕೆರೆಯ ಮಾತಿಗೆ ಯಾರೂ ಹಾಗೆ ತಡೆಯುವುದಿಲ್ಲ. ನಾನು ಅವರ ಮುಖವನ್ನೇ ನೋಡುತ್ತ ಕೂತಿದ್ದೆ, ಕೇಳುವವರು ಕೂರುವ ಹಾಗೆ. ಕಡೆಗೆ ಅವರ ತುಟಿ ನಿಂತಿತು. ಉತ್ತರಕ್ಕೆ ಕಾದರು.

"ಇನ್ನೊಮ್ಮೆ ಹೇಳ್ರಿ," ಎಂದೆ.